ಮಾಳಕರಿಯ ಮೂಗು

ಖಾನಾಪುರದ ಬಸ್ ಸ್ಟ್ಯಾಂಡಿನಿಂದ ಸ್ಟೇಶನ್ ಕಡೆಗೆ ಹೋಗುವ ರಸ್ತೆಯಲ್ಲಿ ಗಜಾನನ ವೈನ್ಸ್ ಎಂಬ ಅಂಗಡಿಯಿದೆ. ಅಲ್ಲಿ ವೈನ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ನಮ್ಮ ಕಡೆ ವೈನ್ ಶಾಪಿಗೆ ಹೋಗಿ ವೈನ್ ಕೇಳಿದವನನ್ನೇ ಜನ ಅನುಮಾನದಿಂದ ನೋಡುತ್ತಾರೆ. ಬೋರ್ಡು ಬರೆದ ಪೇಂಟರ್ ಯಾಕೋ ಮೂಲೆಯಲ್ಲಿ ಒಂದು ದ್ರಾಕ್ಷಿ ಗೊಂಚಲು ಬಿಡಿಸಿದ್ದ. ಆ ಅಂಗಡಿಗೂ ದ್ರಾಕ್ಷಿಗೂ ಇದ್ದ ಸಂಬಂಧ ಅಷ್ಟೇ.

ಮಾಲೀಕ ಗಜಾನನನಿಗೂ ದಾರುವಿಗೂ ಇದ್ದ ಸಂಬಂಧ ಅದಕ್ಕಿಂತ ಕಡಿಮೆ. ಅವನು ಮಾಳಕರಿ. ಪಂಢರಪುರದ ವಿಠ್ಠಲನ ಹೆಸರಿನಲ್ಲಿ ಕೊರಳಿಗೆ ತುಳಸಿಮಣಿಯ ಮಾಳ ಹಾಕಿಕೊಂಡವನು. ಮಾಳ ಬಿದ್ದ ಮೇಲೆ ದಾರು, ಮಾಂಸ ಎರಡನ್ನೂ ಬಾಯಿಗೆ ಮುಟ್ಟಿಸುವಂತಿಲ್ಲ. ಅವನ ಅಪ್ಪ ಲಕ್ಷ್ಮಪ್ಪ ಕುರಿ ಕಾಯುತ್ತಿದ್ದವನು, ಒಂದೊಂದೇ ಕುರಿ ಮಾರಿ ಕುಡಿಯುತ್ತ ಹೋಗಿ, ಕುರಿ ಮುಗಿಯುವ ಹೊತ್ತಿಗೆ ತಾನೂ ಮುಗಿದ. ದಿನಕರ್ಮ ಆದ ಕೂಡಲೇ ಅವ್ವ ಸಾತವ್ವ, ಆಗಷ್ಟೇ ಮೀಸೆ ಚಿಗುರುತ್ತಿದ್ದ ಮಗನನ್ನು ಪಂಢರಪುರಕ್ಕೆ ಕರೆದೊಯ್ದು ಮಾಳ ಹಾಕಿಸಿ ಕರೆತಂದಳು. ಇನ್ನು ಈ ಮನೆಗೆ ದಾರುವಿನ ಕಾಟವಿಲ್ಲ ಎಂದು ನಿಶ್ಚಿಂತಳಾದಳು.

ಆದರೆ ಅವಳ ಒಡಹುಟ್ಟಿದ ತಮ್ಮನೇ ವೈನ್ ಶಾಪಿನ ಲೈಸೆನ್ಸ್ ಇಟ್ಟುಕೊಂಡಿದ್ದ. ಮಕ್ಕಳಿರಲಿಲ್ಲ. ಸಾಯುವ ಮುಂಚೆ, ಸೋದರಳಿಯಂದಿರ ಪೈಕಿ ಅಂಗಡಿ ಯಾರಿಗೆ ಕೊಡಲಿ ಎಂದು ಬಹಳ ಯೋಚಿಸಿ, ಕುಡಿಯದವನು ಇವನೊಬ್ಬನೇ, ಸರಕಾದರೂ ಉಳಿಯುತ್ತದೆ ಎಂದು ಗಜಾನನನಿಗೇ ಕೊಟ್ಟ. ಹೀಗೆ ವಿಠ್ಠಲನ ಮಾಳದ ದೆಸೆಯಿಂದಲೇ ಗಜಾನನ ದಾರು ವ್ಯಾಪಾರಿಯಾದ. ಸಾತವ್ವ ತಮ್ಮನನ್ನು ಶಪಿಸಿದಳು, ಮಗನ ಕೊರಳನ್ನು ನೋಡಿ ಸಮಾಧಾನ ತಂದುಕೊಂಡಳು.

ಅಂಗಡಿಯ ಕೌಂಟರಿನ ಬಾಜು, ಗೋಡೆಗೆ ಒಂದು ಮೊಳೆ ಹೊಡೆದಿತ್ತು. ಊರಲ್ಲಿ ಮಾಳಕರಿಗಳು ಬಹಳ. ಮಾಳ ಹಾಕಿಕೊಂಡು ಬಾಟಲಿ ಮುಟ್ಟುವ ಧೈರ್ಯ ಯಾರಿಗೂ ಇಲ್ಲ, ಬಾಟಲಿ ಬಿಡುವ ಧೈರ್ಯ ಕೆಲವರಿಗಿಲ್ಲ. ಅಂಥವರು ಬಂದು, ಮಾಳ ತೆಗೆದು ಕಣ್ಣಿಗೊತ್ತಿಕೊಂಡು ಆ ಮೊಳೆಗೆ ತಗುಲಿಹಾಕಿ, ಬಾಜುವಿನ ಓಣಿಯಲ್ಲಿ ಕಾರ್ಯಕ್ರಮ ಮುಗಿಸಿ, ಬಾಯಿ ಮುಕ್ಕಳಿಸಿ, ಮತ್ತೆ ಕಣ್ಣಿಗೊತ್ತಿಕೊಂಡು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ರಿಟೈರಾದ ಬಸ್ ಕಂಡಕ್ಟರ್ ಬಂಡೆಪ್ಪನಂತೂ ಸಂಜೆ ಆದರೆ ಸಾಕು, ಹಾಜರು.

ಅವನನ್ನು ಕಂಡರೆ ಗಜಾನನನಿಗೆ ಒಳಗೊಳಗೇ ತಾತ್ಸಾರ. "ದೇವರಿಗೇ ಹಾಫ್ ಟಿಕೆಟ್ ಹರಿಯೂ ಮನಷ್ಯಾ ನೀ," ಎಂದು ಬಂಡೆಪ್ಪನ ಎದುರೇ ಅನ್ನುತ್ತಿದ್ದ. ಬಂಡೆಪ್ಪ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಏನ್ ಮಾಡೂದ್ರಿ ಸಾವಕಾರ್ರ, ಫುಲ್ ಟಿಕೆಟ್ ತಗೊಳ್ಳೂ ತಾಕತ್ತ ನನ್ನ ಹಂತ್ಯಾಕ ಇಲ್ಲ," ಅನ್ನುತ್ತಿದ್ದ. ಗಜಾನನ ತನ್ನ ಕೊರಳ ಮಣಿಗಳನ್ನು ಬೆರಳಿನಿಂದ ಸವರಿಕೊಳ್ಳುತ್ತಿದ್ದ. ಆ ಮಾಳ ಅವನ ಕೊರಳು ಬಿಟ್ಟು ಒಂದು ಸಲವೂ ಇಳಿದಿರಲಿಲ್ಲ. ದಾರು ಮಾರುವವನಿಗೆ ಊರಲ್ಲಿ ಸಿಗದ ಮರ್ಯಾದೆಯನ್ನೆಲ್ಲ ಅವನು ಆ ಮಣಿಗಳಿಂದಲೇ ಪಡೆದುಕೊಳ್ಳುತ್ತಿದ್ದ.

ಮಗಳು ಪೂನಮಳನ್ನು ಮಾತ್ರ ಈ ವಾಸನೆಯಿಂದ ದೂರ ಕಳಿಸಬೇಕೆಂದು ಅವನು ಹಟ ತೊಟ್ಟಿದ್ದ. ಸಾಲೆಯಲ್ಲಿ ಅವಳನ್ನು 'ವೈನ್ ಶಾಪ್ ಪೂನಮ' ಎಂದು ಕರೆಯುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು. ಆದ್ದರಿಂದ ಹುಡುಕಿ ಹುಡುಕಿ ತೋಟಗಾರಿಕೆ ಕಾಲೇಜಿಗೆ ಸೇರಿಸಿದ. ಹಣ್ಣು ಹೂವಿನ ನಡುವೆ ಇರಲಿ ಪಾಪ, ಎಂದು. ಹಣ್ಣುಗಳಲ್ಲಿ ಅವಳಿಗೆ ದ್ರಾಕ್ಷಿ ಹಿಡಿಸಿತು. ದ್ರಾಕ್ಷಿ ಕಲಿಯಲು ನಾಶಿಕಕ್ಕೆ ಹೋದಳು. ನಾಶಿಕದಲ್ಲಿ ದ್ರಾಕ್ಷಿ ಕಲಿಯಲು ಹೋದವರು ಏನು ಕಲಿತು ಬರುತ್ತಾರೆಂದು ಗಜಾನನನಿಗೆ ಯಾರೂ ಹೇಳಿರಲಿಲ್ಲ. ವೈನ್ ಮಾಡಲು ಕಲಿತಳು. ಅಲ್ಲಿಗೂ ನಿಲ್ಲದೆ ಬೆಳಗಾವಿ ಹತ್ತಿರದ ಕಾಕತಿಯ ಆಚೆ ಹೊಸದಾಗಿ ಶುರುವಾದ ಕಂಪನಿಯಲ್ಲಿ, ಹೊಲದ ಬೇಲಿಯ ಕತ್ತಾಳೆಯಿಂದ ದಾರು ಇಳಿಸುವ ಕೆಲಸಕ್ಕೆ ಸೇರಿದಳು.

"ಮುಂಬಾಗಲಾ ಹಾಕಿದ್ರ ಹಿತ್ತಲ ಬಾಗಲಲೆ ಬಂತಲ್ಲೋ," ಅಂದಳು ಸಾತವ್ವ. ಗಜಾನನನ ಹೆಂಡತಿ ಪ್ರಮಿಳಾ ಮಾತ್ರ, ಪಗಾರ ಬರುವ ಕೆಲಸ ಅಲ್ಲವೇ, ಇರಲಿ ಅಂದಳು. ಗಜಾನನ ಎರಡು ತಿಂಗಳು ಮಗಳ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅವನ ಮೌನ ಮುರಿದದ್ದು ಒಂದು ರವಿವಾರ. ಪೂನಮ ಬೆಳಗಾವಿಯಿಂದ ಬರುವಾಗ ಸಣ್ಣ ಸಣ್ಣ ಬಾಟಲಿಗಳನ್ನೂ ನಾಲ್ಕು ಗ್ಲಾಸುಗಳನ್ನೂ ತಂದಳು. ಅಡುಗೆಮನೆಯಲ್ಲಿದ್ದ ಸಾತವ್ವನ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಜೋಡಿಸಿ, ಅಪ್ಪನನ್ನು ಅಲ್ಲಿಗೆ ಕರೆದಳು.

"ಅಪ್ಪಾ, ದಿನಾ ಕುಡಿಯೂವರ ಮೂಗು ಸತ್ತಿರ್ತೈತಿ. ನಿಂದು ಇದ್ದಂಗs ಐತಿ, ಹೊಚ್ಚ ಹೊಸಾದು. ನಂಗ ಅಂಥಾ ಮೂಗ ಬೇಕು. ವಾಸನಿ ನೋಡಾಕ ಮಾಳ ಅಡ್ಡ ಬರೂದಿಲ್ಲಲ್ಲ?"

ಗಜಾನನ ವಿಚಾರ ಮಾಡಿದ. ಇಡೀ ದಿನ ಅಂಗಡಿಯಲ್ಲಿ ಮೂಗಿಗೆ ಬೀಳುವುದು ಅದೇ. ವಿಠ್ಠಲ ಇಷ್ಟು ವರ್ಷ ಅದಕ್ಕೆ ತಕರಾರು ಮಾಡಿಲ್ಲ. ಒಂದು ಗ್ಲಾಸಿಗೆ ಮೂಗು ಇಳಿಸಿದ.

"ಇದೇನವಾ, ಕರೇ ಮೆಣಸ ಕುಟ್ಟಿದಂಗ ಐತಿ?"

"ಶಿರಾಜ್ ದ್ರಾಕ್ಷಿ. ಅದರ ಸಿಪ್ಪಿಯೊಳಗs ಮೆಣಸಿನ ಘಾಟು ಇರ್ತೈತಿ. ಯಾರೂ ಹಾಕಿದ್ದಲ್ಲ."

ಇನ್ನೊಂದರಲ್ಲಿ ಢಬ್ಬು ಮೆಣಸಿನಕಾಯಿ. ಅದು ಕ್ಯಾಬರ್ನೆ ದ್ರಾಕ್ಷಿ. ಮೂರನೆಯದು ಬಿಳಿ, ಅದರಲ್ಲಿ ಹಣ್ಣಾದ ಪೇರಲದ ವಾಸನೆ. ಅದು ಶೆನಿನ್. ನಾಲ್ಕನೆಯದಕ್ಕೆ ಅವನು ಬಹಳ ಹೊತ್ತು ಮೂಗಿಟ್ಟುಕೊಂಡು ಕುಳಿತ. ಮಳೆ ಬಿದ್ದ ಮೇಲೆ ಕುರಿ ಹಿಂಡು ಹಾದುಹೋದ ಹಸಿ ಹುಲ್ಲಿನ ವಾಸನೆ ಅದು. "ಸೊವಿನ್ಯಾನ್," ಅಂದಳು ಪೂನಮ. ನಾವು ತಿನ್ನುವ ಥಾಮ್ಸನ್ ದ್ರಾಕ್ಷಿಯಿಂದ ಮಾಡಿದರೆ ಏನಾಗುತ್ತದೆ ಎಂದು ಅವನು ಕೇಳಿದ. "ಸಿಹಿ ಅಷ್ಟ ಇರ್ತೈತಿ, ಗುಣಾ ಇರೂದಿಲ್ಲ. ವೈನಿಗೆ ಸಣ್ಣ ಕಾಯಿ, ದಪ್ಪ ಸಿಪ್ಪಿ, ಬೀಜ ಬೇಕು. ಬಣ್ಣ, ಒಗರು ಎಲ್ಲಾ ಸಿಪ್ಪಿ ಬೀಜದಾಗs ಇರೂದು. ತಿನ್ನಾಕ ಛಲೋ ಇದ್ದದ್ದು ಕುಡಿಯಾಕ ಛಲೋ ಇರಬೇಕಂತೇನಿಲ್ಲ."

ಅವತ್ತಿನಿಂದ ಗಜಾನನನ ತಲೆ ಕೆಟ್ಟಿತು. ವ್ಯಾಪಾರ ಮಾಡುತ್ತಿದ್ದವನು ವಿದ್ವಾಂಸನಾದ. ಕೌಂಟರಿಗೆ ಬಂದು ಕ್ವಾರ್ಟರ್ ಕೇಳಿದವನಿಗೆ, "ಇದನ್ನ ಎದರಿಂದ ಮಾಡ್ಯಾರ ಗೊತ್ತೈತೇನು? ಕಾಕಂಬಿಯಿಂದ. ಕಬ್ಬಿನ ಹೊಲಸು. ಅದನ್ನ ಇಷ್ಟ ಕಾಯಿಸ್ತಾರ, ಕಬ್ಬಿಂದೂ ವಾಸನಿ ಉಳಿಯೂದಿಲ್ಲ. ಆಮ್ಯಾಲ ಬಣ್ಣ ಹಾಕಿ ವಿಸ್ಕಿ ಅಂತಾರ, ಬ್ಯಾರೆ ಬಣ್ಣ ಹಾಕಿ ರಮ್ಮ ಅಂತಾರ. ಗುಣಾ ಎಲ್ಲೈತಿ ಇದರಾಗ?" ಎಂದು ಶುರು ಮಾಡುತ್ತಿದ್ದ. ದಿನದ ಕೂಲಿ ಮುಗಿಸಿ ಬಂದವನು ಗುಣ ಹುಡುಕಿಕೊಂಡು ಬಂದಿರುವುದಿಲ್ಲ. ಒಬ್ಬಿಬ್ಬರು ಕೇಳಿಸಿಕೊಂಡರು. ಉಳಿದವರು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ಅಲ್ಲಿನ ಮಾಲೀಕ ಉಪದೇಶ ಮಾಡುತ್ತಿರಲಿಲ್ಲ. ಬಂಡೆಪ್ಪ ಮಾತ್ರ ಬಿಡದೆ ಬಂದ. ಮೊಳೆ ಇದ್ದದ್ದು ಇಲ್ಲೇ ಅಲ್ಲವೇ.

ಮಳೆಗಾಲ ಮುಗಿಯುತ್ತ ಬಂದಾಗ ಪೂನಮ ಡಬ್ಬಿಯಲ್ಲಿ ಕಂದು ಬಣ್ಣದ ತುಂಡೊಂದನ್ನು ತಂದಳು. ಗಜಾನನ ಮೂಸಿ ನೋಡಿ ನಕ್ಕ. ಕೆಂಡದಲ್ಲಿ ಸುಟ್ಟ ಗೆಣಸಿನ ವಾಸನೆ.

"ಗೆಣಸಲ್ಲಪ್ಪಾ. ಕತ್ತಾಳಿ ಗಡ್ಡಿ. ಬೇಯಿಸಿದ್ದು."

ಕತ್ತಾಳೆ ಅಂದರೆ ಅವನಿಗೆ ಬೇಲಿ, ಇಲ್ಲವೇ ಹಗ್ಗ. ದನ ಕೂಡ ಮುಟ್ಟದ ಮುಳ್ಳಿನ ಗಿಡ. ಅದರೊಳಗೆ ಸಿಹಿ ಇರಬಹುದೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಪೂನಮ ವಿವರಿಸಿದಳು. ದ್ರಾಕ್ಷಿ ಬಳ್ಳಿ ವರ್ಷಾವರ್ಷ ಹಣ್ಣು ಕೊಡುತ್ತದೆ, ಈ ವರ್ಷ ಕೆಟ್ಟರೆ ಬರುವ ವರ್ಷ ಸುಧಾರಿಸಿಕೊಳ್ಳುತ್ತದೆ. ಕತ್ತಾಳೆಗೆ ಆ ಅವಕಾಶವಿಲ್ಲ. ಎಂಟು ಹತ್ತು ವರ್ಷ ಸುಮ್ಮನೆ ನಿಂತು, ಬಿಸಿಲು ಮಳೆಯನ್ನೆಲ್ಲ ಗಡ್ಡೆಯಲ್ಲಿ ಕೂಡಿಟ್ಟುಕೊಂಡು, ಒಂದೇ ಒಂದು ಸಲ ಉದ್ದನೆಯ ಕಂಬದಂಥ ಹೂವು ಬಿಟ್ಟು ಸಾಯುತ್ತದೆ. ಹೂವು ಏಳುವ ಮುಂಚೆ ಕಡಿದರೆ ಆ ಸಿಹಿಯೆಲ್ಲ ನಮಗೆ. ಎಲ್ಲಿ ಬೆಳೆದಿತ್ತೋ ಅಲ್ಲಿಯ ಮಣ್ಣಿನ ವಾಸನೆ ದಾರುವಿನಲ್ಲಿ ಉಳಿಯುತ್ತದೆ, ಉಳಿಸಿಕೊಂಡರೆ.

ಆ ಉಳಿಸಿಕೊಳ್ಳುವುದರಲ್ಲೇ ತೊಡಕಿತ್ತು. ಪೂನಮ ಖಾನಾಪುರದ ಸುತ್ತಲಿನ ಬೇಲಿಗಳ ಕತ್ತಾಳೆಯಿಂದಲೇ, ವಾಸನೆ ಹಾಗೇ ಇರುವಂತೆ, ತನ್ನ ಕೈಯಾರೆ ಒಂದು ಘಾಣ ದಾರು ಇಳಿಸಿದ್ದಳು. ಕಂಪನಿಯ ಯಜಮಾನ ರೋಹನ ಪುಣೆಯವನು, ಕೆಟ್ಟವನಲ್ಲ, ಆದರೆ ಮಾರುವವರ ಮಾತನ್ನೇ ನಂಬುವವನು. ಬೆಳಗಾವಿಯಲ್ಲಿ ಜಿಲ್ಲೆಯ ವೈನ್ ಶಾಪ್ ಮಾಲೀಕರನ್ನೆಲ್ಲ ಕರೆದು ರುಚಿ ನೋಡಿಸುತ್ತೇನೆ, ಅವರು ನಡೆಯುತ್ತದೆ ಅಂದರೆ ನಿನ್ನ ಹೆಸರು ಹಾಕಿ ಬಾಟಲಿಗೆ ತುಂಬುತ್ತೇವೆ, ಇಲ್ಲವೆಂದರೆ ಇದ್ದಿಲಿನಲ್ಲಿ ಸೋಸಿ ವಾಸನೆ ತೆಗೆದು, ಬಣ್ಣ ಹಾಕಿ, ವಿಸ್ಕಿಗೆ ಬೆರೆಸಿಬಿಡುತ್ತೇವೆ ಎಂದಿದ್ದ.

"ಇದ್ದಿಲಿನಾಗ ಹಾಕಿದ್ರ ನಾ ಆ ಕೆಲಸಾ ಬಿಡ್ತೀನಪ್ಪಾ," ಅಂದಳು ಪೂನಮ. "ನೀ ಬಾ. ಮೂಸಿ ನೋಡಿ ಖರೇ ಏನನಸ್ತೈತಿ ಅಷ್ಟ ಹೇಳು."

ಮಗಳು ಕೆಲಸ ಬಿಟ್ಟರೆ ಒಳ್ಳೆಯದೇ ಎಂದು ಹಳೆಯ ಗಜಾನನ ಅನ್ನುತ್ತಿದ್ದ. ಹೊಸ ಗಜಾನನ, ಅವಳು ತಂದಿದ್ದ ಸ್ಯಾಂಪಲನ್ನು ಮತ್ತೆ ಮತ್ತೆ ಮೂಸಿ, ರಾತ್ರಿಯಿಡೀ ಮಾತು ಜೋಡಿಸಿಕೊಂಡ. ಮೊದಲು ಹೊಗೆ, ಆಮೇಲೆ ಸುಟ್ಟ ಗೆಣಸು, ಹಿಂದಿನಿಂದ ಮಾವಿನಕಾಯಿಯ ಹುಳಿ, ಕಡೆಗೆ ಮೊದಲ ಮಳೆಯ ಮಣ್ಣು. ನಾಶಿಕದವರೂ ತಲೆದೂಗಬೇಕು ಎಂದುಕೊಂಡ.

ಬೆಳಗಾವಿಯ ಹೋಟೆಲಿನ ದೊಡ್ಡ ಹಾಲಿನಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಮಾಲೀಕರೆಲ್ಲ ದುಂಡು ಮೇಜುಗಳ ಸುತ್ತ ಕುಳಿತರು. ನೀರಿನಂತೆ ತಿಳಿಯಾದ ದಾರು ಸಣ್ಣ ಗ್ಲಾಸುಗಳಲ್ಲಿ ಬಂತು. ಪೂನಮ ಮುಂದೆ ನಿಂತು, ಗಿಡದ ಬಗ್ಗೆ, ಗಡ್ಡೆ ಬೇಯಿಸುವ ಬಗ್ಗೆ ಹೇಳಿದಳು. ಅವಳ ಮಾತು ಮುಗಿಯುವುದರೊಳಗೆ ಬಹುತೇಕ ಗ್ಲಾಸುಗಳು ಖಾಲಿಯಾಗಿದ್ದವು. ಪುಕ್ಕಟೆ ಸಿಕ್ಕದ್ದನ್ನು ಮೂಸುತ್ತ ಕೂರುವ ಪದ್ಧತಿ ನಮ್ಮ ಜಿಲ್ಲೆಯಲ್ಲಿಲ್ಲ.

ಪೀರನವಾಡಿಯಲ್ಲಿ ದೊಡ್ಡ ಅಂಗಡಿ ಇಟ್ಟಿದ್ದ ಯಲ್ಲೇಶ ಮೊದಲು ಬಾಯಿ ತೆರೆದ. ಅವನು ಹೂಂ ಅಂದರೆ ಉಳಿದವರೂ ಹೂಂ ಅನ್ನುವರು.

"ಮಾಲ ಕಡಕ್ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಹೊಗಿ ವಾಸನಿ ಬರ್ತೈತಿ. ಬಣ್ಣಾನೂ ಇಲ್ಲ. ಬಿಳೇದು ಕಂಡ್ರ ನಮ್ಮ ಮಂದಿ ಸ್ಪಿರಿಟ್ ಅಂತಾರ. ಅದನ್ನ ಸೋಸಿ, ಚೂರು ಕೆಂಪು ಮಾಡಿ, ಮ್ಯಾಲ ಒಂದ ಕುದರಿ ಚಿತ್ರಾ ಹಾಕ್ರಿ. ತಿಂಗಳಾ ಲಾರಿಗಟ್ಟಲೆ ಎತ್ತತೇನಿ."

ಸುತ್ತ ತಲೆಗಳು ಅಲ್ಲಾಡಿದವು. ರೋಹನ ಬರೆದುಕೊಳ್ಳತೊಡಗಿದ. ಪೂನಮ ತನ್ನ ಮುಂದಿದ್ದ ಗ್ಲಾಸನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದಳು. ಚಿಕ್ಕವಳಿದ್ದಾಗ ಸಾಲೆಯಿಂದ ಅಳುವನ್ನು ನುಂಗಿಕೊಂಡು ಬಂದು ಹೀಗೇ ನಿಲ್ಲುತ್ತಿದ್ದಳು. ಗಜಾನನನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಹಂಗಲ್ಲರೀ," ಎಂದು ಎದ್ದು ನಿಂತ. "ಅದು ಬರೇ ಹೊಗಿ ಅಲ್ಲ. ಮೂಸಿ ನೋಡ್ರಿ. ಮೊದಲ ಹೊಗಿ, ಆಮ್ಯಾಲ ಸುಟ್ಟ ಗೆಣಸು, ಅದರ ಹಿಂದ..."

"ಗಜಾನನಣ್ಣಾ," ಯಲ್ಲೇಶ ಮೆಲ್ಲಗೆ ತಡೆದ. ಅವನ ದನಿಯಲ್ಲಿ ದ್ವೇಷವಿರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು. "ನೀ ಮಾಳಕರಿ. ಜನ್ಮದಾಗ ನಾಲಗಿಗೆ ಹಚ್ಚಿಲ್ಲ. ಮೂಸಿ ಮೂಸಿ ಹೇಳೂದಾದ್ರ ನಮ್ಮ ಮನಿ ನಾಯಿನೂ ಹೇಳ್ತೈತಿ. ಮಂದಿ ಬಾಟಲಿ ಒಯ್ಯೂದು ಕುಡಿಯಾಕ. ಮಗಳದಂತ ಹೇಳಾಕತ್ತಿ, ನಮಗ ತಿಳೀತೈತಿ. ಕುಂದರು."

ಎಲ್ಲರೂ ನಕ್ಕರು. ರೋಹನ ಕೂಡ, ಸಭ್ಯತೆಗೆ ಎಂಬಂತೆ, ಸ್ವಲ್ಪ ನಕ್ಕ.

ಗಜಾನನ ಕೂರಲಿಲ್ಲ. ಎರಡೂ ಕೈ ಕೊರಳಿಗೆ ಹೋದವು. ಅಷ್ಟು ವರ್ಷ ಇಳಿಯದ ಮಾಳ, ಕಿವಿಗೆ ಒಂದು ಸಲ ತೊಡರಿ, ತಲೆ ದಾಟಿ ಕೈಗೆ ಬಂತು. ಕಣ್ಣಿಗೊತ್ತಿಕೊಂಡ. ಅದನ್ನು ಎಲ್ಲಿ ಇಡುವುದೆಂದು ಸುತ್ತ ನೋಡಿದ. ಆ ಹಾಲಿನ ಗೋಡೆಗಳಿಗೆಲ್ಲ ಮರದ ಹಲಗೆ ಬಡಿದಿತ್ತು, ಒಂದು ಮೊಳೆಯೂ ಇರಲಿಲ್ಲ. ಪೂನಮ ಓಡಿ ಬಂದಳು.

"ಬ್ಯಾಡಪ್ಪಾ. ಇದ್ದಿಲಿನಾಗ ಹಾಕಿದ್ರ ಹಾಕಲಿ. ನಂಗ ಬ್ಯಾಡ."

ಅವನು ಮಾಳವನ್ನು ಅವಳ ಕೈಯಲ್ಲಿಟ್ಟು, ತನ್ನ ಮೇಜಿನ ಗ್ಲಾಸನ್ನು ಎತ್ತಿ ಕುಡಿದ.

ನಾಲಗೆ ಉರಿಯಿತು, ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಜೋಡಿಸಿಟ್ಟುಕೊಂಡಿದ್ದ ಹೊಗೆ, ಗೆಣಸು, ಮಾವಿನಕಾಯಿ, ಮಣ್ಣು ಯಾವುದೂ ನೆನಪಿಗೆ ಬರಲಿಲ್ಲ. ಉರಿ ಇಳಿದ ಮೇಲೆ ಎದೆಯಲ್ಲಿ ಬೆಚ್ಚಗಾಯಿತು. ಯಲ್ಲೇಶನ ನಗು ದೂರ ಹೋಯಿತು. ವೈನ್ ಶಾಪಿನವನೆಂಬ ಸಂಕೋಚ, ಅಷ್ಟು ವರ್ಷ ಹೆಗಲ ಮೇಲೆ ಕೂತಿದ್ದದ್ದು, ಎದ್ದು ಹೋಯಿತು. ಗಜಾನನನಿಗೆ ಅದು ಇಷ್ಟವಾಯಿತು. ಹೆದರಿಕೆಯಾಗುವಷ್ಟು ಇಷ್ಟವಾಯಿತು. ಕೈ ತಾನಾಗಿಯೇ ಬಾಜುವಿನವನ ಮುಂದಿದ್ದ ತುಂಬಿದ ಗ್ಲಾಸಿನ ಕಡೆಗೆ ಹೋಗುತ್ತಿರುವುದನ್ನು ಅವನು ನೋಡಿದ. ಅದು ತನ್ನ ಕೈಯಂತೆ ಕಾಣಲಿಲ್ಲ. ಕುರಿ ಮಾರಿ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ ಅಪ್ಪ ಲಕ್ಷ್ಮಪ್ಪನ ಕೈಯಂತೆ ಕಂಡಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಕಟ್ಟಿಕೊಂಡ.

"ಹೆಂಗೈತಿ?" ಯಲ್ಲೇಶ ಕೇಳಿದ.

"ಇದನ್ನ ನಾ ನನ್ನ ಅಂಗಡ್ಯಾಗ ಇಡೂದಿಲ್ಲ," ಅಂದ ಗಜಾನನ.

ರೋಹನನ ಪೆನ್ನು ನಿಂತಿತು. "ಯಾಕ್ರಿ?"

"ಇಟ್ರ ಗಿರಾಕಿಗೆ ಉಳಿಯೂದಿಲ್ಲ. ನಾನs ಕುಡದು ಮುಗಸ್ತೇನಿ."

ಮರುಕ್ಷಣ ಹಾಲಿಗೆ ಹಾಲೇ ನಕ್ಕಿತು. ಮೇಜು ಬಡಿದು ನಕ್ಕರು. ಜನ್ಮಕ್ಕೆ ಕುಡಿಯದ ಮಾಳಕರಿ ಒಂದೇ ಗ್ಲಾಸಿಗೆ ಹೀಗನ್ನಬೇಕಾದರೆ ಮಾಲಿನಲ್ಲಿ ಏನೋ ಇರಲೇಬೇಕು ಎಂದು ಯಲ್ಲೇಶ ಮತ್ತೊಂದು ಗ್ಲಾಸು ತರಿಸಿ, ಈ ಸಲ ಮೂಸಿ ಕುಡಿದು, "ಖರೇ, ಗೆಣಸಿನಂಗ ಐತಿ," ಅಂದ. ಅವನು ಅಂದ ಮೇಲೆ ಎಲ್ಲರಿಗೂ ಗೆಣಸು ಸಿಕ್ಕಿತು. ಊಟದ ಹೊತ್ತಿಗೆ ರೋಹನ ಪೂನಮಳ ಕೈ ಕುಲುಕಿದ. ಬಣ್ಣವಿಲ್ಲ, ಇದ್ದಿಲಿಲ್ಲ, ಬಾಟಲಿಯ ಮೇಲೆ ಅವಳ ಹೆಸರು. ಇಡೀ ಹಾಲಿನಲ್ಲಿ ನಗದೇ ಇದ್ದವಳು ಅವಳೊಬ್ಬಳೇ. ಅಪ್ಪ ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದನ್ನು ಬಿಡದೆ ಹಿಡಿದುಕೊಂಡಿದ್ದುದು ಅವಳು ನಿಂತ ಕಡೆಯಿಂದ ಕಾಣುತ್ತಿತ್ತು.

ಹೊರಡುವಾಗ ಅವಳು ಮಾಳವನ್ನು ಮುಂದೆ ಹಿಡಿದಳು. "ಹಾಕ್ಕೋ ಅಪ್ಪಾ."

"ಈಗ ಹಾಕ್ಕೊಂಡ್ರ ಬಂಡೆಪ್ಪಗೂ ನಂಗೂ ಫರಕ್ ಏನವಾ?" ಎಂದು ಅವನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ರೋಹನ ಎಲ್ಲರಿಗೂ ಕೊಟ್ಟಂತೆ ಅವನಿಗೂ ಒಂದು ಬಾಟಲಿಯನ್ನು ಚೀಲಕ್ಕೆ ಹಾಕಿ ಕೊಟ್ಟಿದ್ದ. ಖಾನಾಪುರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತ.

ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಸಾತವ್ವ ಮಗನ ಬರಿ ಕೊರಳನ್ನು ದೂರದಿಂದಲೇ ಕಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಅಳಲಿಲ್ಲ.

"ಛಲೋ ಇತ್ತೇನು?" ಎಂದು ಕೇಳಿದಳು.

ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. "ಭಾಳ ಛಲೋ ಇತ್ತವಾ."

"ಹೌದೋ," ಅಂದಳು ಸಾತವ್ವ. "ನಿಮ್ಮಪ್ಪನೂ ಮೊದಲನೇ ಸಲ ಹಂಗs ಅಂದಿದ್ದ." ಎದ್ದು ಒಳಗೆ ಹೋದಳು.

ಮರುದಿನ ಅವನು ಅಂಗಡಿ ತೆಗೆದ. ಮತ್ತೆ ಮಾಳ ಹಾಕಿಕೊಳ್ಳಬೇಕಾದರೆ ಪಂಢರಪುರಕ್ಕೇ ಹೋಗಿ ತಪ್ಪು ಒಪ್ಪಿಕೊಂಡು ಹಾಕಿಸಿಕೊಳ್ಳಬೇಕು ಎಂದು ನಿಶ್ಚಯಿಸಿದ್ದ. ಅಲ್ಲಿಯವರೆಗೆ ಎಲ್ಲಿಡುವುದು? ಜೇಬಿನಲ್ಲಿಟ್ಟರೆ ಬೆವರು, ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ದಾರುವಿನ ರೊಕ್ಕ. ಕಡೆಗೆ ಮೊಳೆಗೆ ತಗುಲಿಹಾಕಿದ. ಮಗಳು ಇಳಿಸಿದ ದಾರುವಿನ ಬಾಟಲಿಯನ್ನು ಮೇಲಿನ ಹಲಗೆಯಲ್ಲಿ, ಎಲ್ಲಕ್ಕಿಂತ ಹಿಂದೆ ಇಟ್ಟ. ಅಂಗಡಿಯಲ್ಲಿ ಇಡುವುದಿಲ್ಲ ಅಂದಿದ್ದ, ಆದರೆ ಮನೆಯಲ್ಲಿಡುವಂತಿರಲಿಲ್ಲ, ಎಸೆಯಲು ಮನಸ್ಸಾಗಲಿಲ್ಲ. ಇಡೀ ದಿನ ಅವನು ಆ ಹಲಗೆಗೆ ಬೆನ್ನು ಮಾಡಿ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಬೆನ್ನು ನೋಯುತ್ತಿತ್ತು.

ಸಂಜೆ ಬಂಡೆಪ್ಪ ಬಂದ. ಎಂದಿನಂತೆ ಮಾಳ ತೆಗೆದು ಕಣ್ಣಿಗೊತ್ತಿಕೊಂಡು ಮೊಳೆಯ ಕಡೆ ಕೈ ಚಾಚಿದವನು ಹಾಗೇ ನಿಂತ.

"ಇದ್ಯಾರದ್ರಿ ಸಾವಕಾರ್ರ, ನನಕಿಂತ ಮೊದಲ ಬಂದಾರ?"

"ನಂದು."

ಬಂಡೆಪ್ಪ ಗಜಾನನನ ಕೊರಳನ್ನು ನೋಡಿದ, ಮಾಳವನ್ನು ನೋಡಿದ, ಅವನ ಕಣ್ಣು ಮತ್ತೆ ಮತ್ತೆ ಯಾವ ಹಲಗೆಯ ಕಡೆ ಹೋಗುತ್ತಿದೆ ಎಂಬುದನ್ನೂ ನೋಡಿದ. ಹಾಫ್ ಟಿಕೆಟಿನ ಮಾತನ್ನು ತಿರುಗಿಸಿ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುತ್ತಿರಲಿಲ್ಲ. ಅದರ ಬದಲು ತನ್ನ ಮಾಳವನ್ನು ಮತ್ತೆ ತನ್ನ ಕೊರಳಿಗೇ ಹಾಕಿಕೊಂಡ.

"ಇವತ್ತ ಬ್ಯಾಡ ಬಿಡ್ರಿ," ಎಂದು ಮೆಟ್ಟಿಲಿಳಿದ.

"ಬಂಡೆಪ್ಪಾ," ಗಜಾನನ ಕರೆದ. ಅಷ್ಟು ಸಣ್ಣ ದನಿಯಲ್ಲಿ ಅವನು ಯಾರನ್ನೂ ಕರೆದಿರಲಿಲ್ಲ. "ಅಂಗಡಿ ಮುಚ್ಚೂತನಾ ಇಲ್ಲೇ ಕುಂದರತೀಯೇನು?"

ಬಂಡೆಪ್ಪ ತಿರುಗಿ ಬಂದ. ಕೌಂಟರಿನ ಒಳಗಿದ್ದ ಸ್ಟೂಲನ್ನು ಎಳೆದು, ಆ ಹಲಗೆಗೂ ಗಜಾನನನಿಗೂ ನಡುವೆ ಹಾಕಿಕೊಂಡು ಕುಳಿತ.

"ಲಾಸ್ಟ್ ಸ್ಟಾಪ್ ತನಾ ಇರ್ತೇನ್ರಿ," ಅಂದ.

ಗಿರಾಕಿಗಳು ಬಂದರು, ಹೋದರು. ಗಜಾನನ ಯಾರಿಗೂ ಗುಣದ ಬಗ್ಗೆ ಹೇಳಲಿಲ್ಲ. ಕೇಳಿದ್ದನ್ನು ಕೊಟ್ಟು ಚಿಲ್ಲರೆ ಎಣಿಸಿದ.